ಫ್ಲೆಕ್ಸ್ ಹಿಂದಿನ ಪಿಟೀಲು

ಕಳೆದ ವಾರ ಒಂದು ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದ್ದೆ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹೆಣ್ಣುದನಿಯೊಂದು ಹೇಳಿ ಮಾಯವಾಯಿತು. ಅದರ ಬೆನ್ನಿಗೇ ಆ ಟ್ಯೂನ್ ಬಂತು. ನೀವೂ ಕೇಳಿರುತ್ತೀರಿ. ಪಿಟೀಲುಗಳು ಒಟ್ಟಿಗೆ ಕುಣಿಯುತ್ತವೆ, ನಡುವೆ ಹಕ್ಕಿಗಳು ಚಿಲಿಪಿಲಿ ಎನ್ನುತ್ತವೆ, ಮತ್ತೆ ಅದೇ ಕುಣಿತ. ಬ್ಯಾಂಕಿನವರು ಕಾಯಿಸುವಾಗ, ಲಿಫ್ಟ್ ಮೇಲೇರುವಾಗ, ದೊಡ್ಡ ರಿಸೆಪ್ಷನ್‌ಗಳಲ್ಲಿ ಅತಿಥಿಗಳು ಸೂಪ್ ಕುಡಿಯುವಾಗ ಎಲ್ಲ ಅದೇ. ಕಾಯುವವರ ಸಿಟ್ಟು ಇಳಿಯಲಿ ಎಂದು ಹಾಕುತ್ತಾರಂತೆ. ನನಗೆ ಏರುತ್ತದೆ. ವಿಜಯನಗರದ ನಮ್ಮ ಅಡುಗೆಮನೆಯಲ್ಲಿ ನಿಂತು, ಆ ಕಡೆ ಯಾರೂ ಇಲ್ಲದ ಫೋನಿಗೆ "ಧೈರ್ಯ ಇದ್ರೆ ಇದರ ಮುಂದಿನದು ಹಾಕ್ರೀ" ಎಂದು ಬೈದೆ.

ಆ ಟ್ಯೂನ್ ಬರೆದವನು ಸುಮಾರು ಮುನ್ನೂರು ವರ್ಷಗಳ ಹಿಂದೆ ವೆನಿಸ್ ನಗರದಲ್ಲಿದ್ದ ಒಬ್ಬ ಪಾದ್ರಿ, ಯುರೋಪಿನ ಸಂಗೀತದಲ್ಲಿ ಬರೋಕ್ ಎನ್ನುವ ಕಾಲದವನು. ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಹೆಸರು ಕಂಡ ಕೂಡಲೇ ಓದುವವರ ತಲೆಯಲ್ಲಿ ಆ ಫೋನಿನ ಟ್ಯೂನ್ ಶುರುವಾಗಿ, ನಾನು ಹೇಳುವುದು ಕೇಳಿಸದೇ ಹೋಗುತ್ತದೆ. ನಾಲ್ಕು ಋತುಗಳಿಗೆ ಒಂದೊಂದು ಕೃತಿ ಬರೆದವನು ಆತ, ಫೋನಿನದು ವಸಂತ; ಅದರ ಜೊತೆಯಲ್ಲೇ ಬೇಸಿಗೆಯನ್ನೂ ಬರೆದಿದ್ದಾನೆ. ಅಲ್ಲಿ ಕುಣಿತವಿಲ್ಲ. ಬಿಸಿಲಿಗೆ ಬಸವಳಿದ ಕುರಿಗಾಹಿಯೊಬ್ಬ ಕಣ್ಣುಮುಚ್ಚಲಾರದೆ ಬಿದ್ದಿದ್ದಾನೆ. ನೊಣಗಳ ಕಾಟ, ದೂರದಲ್ಲಿ ಗುಡುಗು. ಬರಲಿರುವುದು ಏನೆಂದು ಅವನಿಗೆ ಗೊತ್ತು, ಅದಕ್ಕೇ ಅಳುತ್ತಾನೆ. ಅದು ಬಂದೇ ಬರುತ್ತದೆ, ಆಲಿಕಲ್ಲಿಗೆ ಪೈರು ನೆಲಕಚ್ಚುತ್ತದೆ. ಯಾರೂ ಬಂದು ಸಮಾಧಾನ ಹೇಳುವುದಿಲ್ಲ. ಸತ್ತ ಮಗನ ಮುಂದೆ ನಿಂತ ತಾಯಿಯ ಬಗ್ಗೆಯೂ ಆತ ಸಂಗೀತ ಬರೆದಿದ್ದಾನೆ. ಅದನ್ನು ಕೇಳಿದ ಮೇಲೆ ಲಿಫ್ಟಿನ ಟ್ಯೂನ್ ಬರೆದವನೂ ಇವನೂ ಒಬ್ಬನೇ ಎಂದು ನಂಬಲು ನನಗೆ ಕೆಲವು ದಿನ ಬೇಕಾಯಿತು. ಇಂಥ ಮನುಷ್ಯನನ್ನು ನಾವು ಕಾಯುವ ಕೋಣೆಯ ಅಗರಬತ್ತಿ ಮಾಡಿಟ್ಟಿದ್ದೇವೆ.

ಇದೆಲ್ಲ ನನಗೆ ತಿಳಿದದ್ದು ಲಾಕ್‌ಡೌನ್‌ಗಳು ಮುಗಿದ ಮೇಲಿನ ಒಂದು ಮಳೆಗಾಲದಲ್ಲಿ. ಆ ಮಳೆಗಾಲದ ಬಗ್ಗೆ ನನ್ನ ಡೈರಿಯಲ್ಲಿರುವುದು ಬಹುಪಾಲು ಮಳೆ ಮತ್ತು ಸಿಟ್ಟು. ಸಿಟ್ಟಿನಲ್ಲಿ ಬರೆದದ್ದನ್ನು ಸಾಕ್ಷಿ ಎಂದು ಒಪ್ಪಬಾರದೆಂದು ಎಂ.ಎ.ಯಲ್ಲಿ ಇತಿಹಾಸ ಓದುವಾಗ ನಮಗೆ ಕಲಿಸಿದ್ದರು. ಹಾಗಾಗಿ ಇಲ್ಲಿ ನನಗೆ ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಹೇಳುತ್ತೇನೆ.

ಸ್ಟೆಲ್ಲಾ ಮಿಸ್ಸಿನ ವಯಲಿನ್ ಕ್ಲಾಸ್ ರಾಜಾಜಿನಗರದಲ್ಲಿ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ನಡೆಯುತ್ತಿತ್ತು. ಕಿಟಕಿಯ ಆಚೆ ಮೆಟ್ರೊ. ರೈಲು ಹಾದುಹೋಗುವಾಗ ಎಲ್ಲರೂ ಬಿಲ್ಲು ಎತ್ತಿ ಹಿಡಿದು ಕಾಯಬೇಕು, ಹೋದ ಮೇಲೆ ನಿಲ್ಲಿಸಿದ ಸ್ವರದಿಂದಲೇ ಹೊರಡಬೇಕು. ಮಿಸ್ ಬಿನ್ನಿಪೇಟೆಯವರು. ಅವರ ಅಪ್ಪ ಹಗಲು ಮಿಲ್ಲಿನಲ್ಲಿ ದುಡಿದು ಭಾನುವಾರ ಚರ್ಚಿನಲ್ಲಿ ಪಿಟೀಲು ನುಡಿಸುತ್ತಿದ್ದರಂತೆ. ಮಗಳಿಗೆ ಅಪ್ಪನ ಪಿಟೀಲೂ ಬಂದಿತ್ತು, ಮಿಲ್ಲಿನ ಸೈರನ್ನಿನಂಥ ಗಂಟಲೂ ಬಂದಿತ್ತು. ಶಿಷ್ಯರು ನಾವು ಬೆರಳೆಣಿಕೆಯಷ್ಟು ಮಂದಿ, ಹೆಚ್ಚಿನವರು ನಲವತ್ತು ದಾಟಿದವರು. ಮಳೆಗಾಲದ ತೇವಕ್ಕೆ ತಂತಿಗಳು ಶ್ರುತಿ ಬಿಡುತ್ತಿದ್ದವು. ಕ್ಲಾಸಿನ ಅರ್ಧ ಹೊತ್ತು ಶ್ರುತಿ ಮಾಡುವುದರಲ್ಲೇ ಕಳೆಯುತ್ತಿತ್ತು. ಕೆಳಗಿನಿಂದ ಬನ್ನಿನ ವಾಸನೆ ಬರುತ್ತಿತ್ತು.

ಗಿರಿಜಕ್ಕ ನಮ್ಮಲ್ಲಿ ಹಿರಿಯರು. ಹಾವೇರಿ ಕಡೆಯ ಲಿಂಗಾಯತರ ಮನೆಯವರು, ಬ್ಯಾಂಕಿನಿಂದ ನಿವೃತ್ತರಾಗಿ ಬಸವೇಶ್ವರನಗರದಲ್ಲಿ ನೆಲೆಸಿದ್ದರು. ಹುಡುಗಿಯಾಗಿದ್ದಾಗ ಊರಿನಲ್ಲಿ ನೆಲದ ಮೇಲೆ ಕೂತು ಹಿಂದೂಸ್ತಾನಿ ಪಿಟೀಲು ಕಲಿತವರು. ಹಾಗಾಗಿ ಯಾವ ಸ್ವರಕ್ಕೂ ನೇರವಾಗಿ ಹೋಗುತ್ತಿರಲಿಲ್ಲ, ಜಾರಿಕೊಂಡೇ ಹೋಗುತ್ತಿದ್ದರು.

"ಅಕ್ಕಾ, ಜಾರುಬಂಡೆ ಅಲ್ಲ ಇದು. ಮೆಟ್ಲು. ಮೆಟ್ಲು ಹತ್ತಿ," ಎಂದು ಮಿಸ್ ಕೂಗುತ್ತಿದ್ದರು.

"ನಿಮ್ಮ ಮೆಟ್ಲಿಗೆ ಮೊಣಕಾಲು ನೋಯ್ತಾವ್ರಿ ಮಿಸ್," ಎನ್ನುತ್ತಿದ್ದರು ಗಿರಿಜಕ್ಕ.

ಆ ವರ್ಷದ ಯುಗಾದಿ ಕಳೆದ ಸ್ವಲ್ಪ ದಿನಕ್ಕೆ ಅವರ ಯಜಮಾನರು ತೀರಿಕೊಂಡರು. ಬೆಳಗ್ಗೆ ಪೇಪರ್ ಓದುತ್ತಾ ಕೂತವರು ಏಳಲಿಲ್ಲ. ಗಿರಿಜಕ್ಕ ಕ್ಲಾಸಿಗೆ ಮರಳಿದ್ದು ಮಳೆ ಹಿಡಿದ ಮೇಲೆ. ಬಂದವರು ಪೆಟ್ಟಿಗೆ ತೆಗೆದು, ಶ್ರುತಿ ಮಾಡಿ, ಒಂದು ಸ್ವರ ಉದ್ದಕ್ಕೆ ಎಳೆದರು. ಜಾರಲಿಲ್ಲ, ನಡುಗಿಸಲಿಲ್ಲ. ಬೋಳು ಸ್ವರ. ಮಿಸ್ ಹತ್ತಿರ ಹೋಗಿ ಏನೋ ಕೇಳಿದರು. "ಸಿಂಗಾರ ಮಾಡೂ ಮನಸ್ಸಿಲ್ಲರೀ," ಎಂದರು ಗಿರಿಜಕ್ಕ.

ಅವತ್ತೇ ಮಿಸ್ ಬೇಸಿಗೆಯ ನಡುವಿನ ಭಾಗವನ್ನು ಆರಿಸಿದರೋ, ಮುಂದಿನ ವಾರವೋ, ಡೈರಿಯಲ್ಲಿಲ್ಲ. ನಮ್ಮ ಮಟ್ಟಕ್ಕೆ ಇಳಿಸಿ ಬರೆದುಕೊಟ್ಟರು. ಕುರಿಗಾಹಿಯ ಅಳುವನ್ನು ಗಿರಿಜಕ್ಕ ಒಬ್ಬರೇ ನುಡಿಸಬೇಕು. ನಾವು ಬಿಲ್ಲು ತೊಡೆಯ ಮೇಲಿಟ್ಟು ಸುಮ್ಮನೆ ಕೂತಿರಬೇಕು. ನಡುನಡುವೆ ಮಿಸ್ ಕಣ್ಣು ಬಿಟ್ಟಾಗ ಎಲ್ಲರೂ ಒಟ್ಟಿಗೆ ಗುಡುಗಬೇಕು, ಥಟ್ಟನೆ ನಿಲ್ಲಿಸಬೇಕು. ನಮ್ಮ ಗುಡುಗು ಮೊದಮೊದಲು ಪಾತ್ರೆ ಬಿದ್ದ ಹಾಗಿತ್ತು. ಗಿರಿಜಕ್ಕನ ಭಾಗ ಮಾತ್ರ ಮೊದಲ ದಿನದಿಂದಲೂ ಸರಿಯಿತ್ತು. ಎಲ್ಲರೂ ಅವರಿಗೆ "ಧೈರ್ಯವಾಗಿರಿ, ನಗ್ತಾ ಇರಿ, ಟೂರ್ ಹೋಗ್ಬನ್ನಿ" ಎನ್ನುತ್ತಿದ್ದ ದಿನಗಳವು. ಯಾರೋ ಒಬ್ಬ ಸತ್ತುಹೋದ ಪಾದ್ರಿ ಮಾತ್ರ, ಅಳಬೇಕೆನಿಸಿದರೆ ಇಷ್ಟು ನಿಧಾನವಾಗಿ, ಇಷ್ಟು ಅಚ್ಚುಕಟ್ಟಾಗಿ ಅಳಬಹುದು ಎಂದು ಅವರಿಗೆ ಹೇಳಿದ್ದ. "ಇದನ್ನ ಒಂದ್ಸಲ ಮಂದಿ ಮುಂದೆ ಬಾರಿಸ್ಬೇಕವಾ," ಎಂದು ಒಂದು ಸಂಜೆ ಮೆಟ್ಟಿಲಿಳಿಯುವಾಗ ನನಗೆ ಹೇಳಿದರು. "ಅವರು ಸತ್ತಾಗ ನಾ ಅಳಲೇ ಇಲ್ಲ ಅಂತ ಮಾತಾಡ್ಕೊಂಡಾರ. ಕೇಳಿಸ್ಕೊಳ್ಳಲಿ."

ರಾಜ್ಯೋತ್ಸವಕ್ಕೆ ಗಿರಿಜಕ್ಕನ ಬಡಾವಣೆಯ ನಿವಾಸಿಗಳ ಸಂಘ ನಮ್ಮನ್ನು ಕರೆಯಿತು. ಅಧ್ಯಕ್ಷರು ರುದ್ರಪ್ಪನವರು. ಒಳ್ಳೆಯ ಮನುಷ್ಯ, ನಗುಮುಖ. ಮಾತುಕತೆಗೆ ಅವರೇ ಕ್ಲಾಸಿಗೆ ಬಂದರು. ನಾವು ಬೇಸಿಗೆಯನ್ನು ನುಡಿಸಿದೆವು. ಕೇಳುತ್ತಾ ಕೇಳುತ್ತಾ ಅವರ ನಗು ಸಣ್ಣದಾಯಿತು.

"ಚೆನ್ನಾಗಿದೆ ಮೇಡಂ. ಆದ್ರೆ ಯಾರೋ ಹೋಗ್ಬಿಟ್ಟಿರೋ ಹಾಗಿದೆ. ಜನ ಬರೋದು ಹಬ್ಬಕ್ಕೆ. ಆ ಫೋನಲ್ಲಿ ಬರುತ್ತಲ್ಲ, ಟಡಡಾ ಟಡಡಾ, ಅದೂ ಇವರದ್ದೇ ಅಲ್ವಾ? ಅದನ್ನ ಬಾರಿಸಿ."

"ಸಾರ್, ಬಿರಿಯಾನೀಲಿ ಬರೀ ಗೋಡಂಬಿ ಆರಿಸ್ಕೊಂಡು ತಿಂತೀರಾ?" ಎಂದರು ಸ್ಟೆಲ್ಲಾ ಮಿಸ್.

"ನಾವು ಬಿರಿಯಾನಿ ತಿನ್ನಲ್ಲ ಮೇಡಂ."

"ಪಾಯಸ ಅಂದ್ಕೊಳ್ಳಿ ಸಾರ್."

"ಪಾಯಸದಲ್ಲಿ ನಾನು ಗೋಡಂಬಿನೇ ಆರಿಸೋದು," ಎಂದು ರುದ್ರಪ್ಪನವರು ಜೋರಾಗಿ ನಕ್ಕರು. ನಾವೂ ನಕ್ಕೆವು. ಚೌಕಾಸಿ ನಡೆದು, ಮೊದಲು ವಸಂತ, ನಡುವೆ ಈ ಅಳು, ಕೊನೆಗೆ ಮತ್ತೆ ವಸಂತ ಎಂದಾಯಿತು. ಮಂಗಳ ಹಾಡದೆ ಕಛೇರಿ ಮುಗಿಸಬಾರದಲ್ಲ. ಮಿಸ್ ಹಲ್ಲು ಕಚ್ಚಿಕೊಂಡು ಒಪ್ಪಿದರು. ಗಿರಿಜಕ್ಕನ ಮುಖದಲ್ಲಿ ಆ ಮಳೆಗಾಲದಲ್ಲಿ ಮೊದಲ ಸಲ ಸಂತೋಷ ಕಂಡೆ ಎಂದು ಡೈರಿಯಲ್ಲಿ ಬರೆದಿದ್ದೇನೆ. ಇದನ್ನು ನಾನು ನಂಬುತ್ತೇನೆ.

ಅಕ್ಟೋಬರ್ ಪೂರ್ತಿ ಮಳೆ ಬಿಡಲಿಲ್ಲ. ರಸ್ತೆಗಳು ಹೊಳೆಯಾಗಿದ್ದ ದಿನವೂ ಗಿರಿಜಕ್ಕ ಕ್ಲಾಸು ತಪ್ಪಿಸಲಿಲ್ಲ, ಪಿಟೀಲು ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಗುವಿನಂತೆ ಅಪ್ಪಿಕೊಂಡು ಆಟೊ ಇಳಿಯುತ್ತಿದ್ದರು. ಕಾರ್ಯಕ್ರಮಕ್ಕೆ ಒಂದು ವಾರ ಇದ್ದಾಗ ಅವರ ಜೊತೆ ಅವರ ಮೈದುನನ ಹೆಂಡತಿ ವಿಮಲಾ ಬಂದರು. ಸಂಘದ ಮಹಿಳಾ ಸಮಿತಿಯಲ್ಲಿದ್ದವರು. ಕೂತು, ನೀರು ಕುಡಿದು, ಸೆರಗು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದರು.

"ಅಕ್ಕನ ಯಜಮಾನರು ಹೋಗಿ ಇನ್ನೂ ವರ್ಷ ಆಗಿಲ್ಲ. ನಮ್ಮಲ್ಲಿ ಸೂತಕ ಇಲ್ಲ, ಅದು ನಿಜ. ಆದ್ರೂ ಧ್ವಜ ಹಾರಿಸಿ, ದೀಪ ಹಚ್ಚಿದ ವೇದಿಕೆ. ಸಮಿತೀಲಿ ಮಾತು ಬಂದಿದೆ."

"ನಮ್ಮಲ್ಲಿ ಸೂತಕವಿಲ್ಲ." ಈ ಮಾತನ್ನು ರುದ್ರಪ್ಪನವರು ಪ್ರತಿ ಬಸವ ಜಯಂತಿಯಲ್ಲೂ ಮೈಕಿನಲ್ಲಿ ಹೇಳುತ್ತಾರೆ, ನಾನೇ ಕೇಳಿದ್ದೇನೆ. ಹುಟ್ಟಿಗಿಲ್ಲ, ಸಾವಿಗಿಲ್ಲ, ಮುಟ್ಟಿಗಿಲ್ಲ ಎಂದು ಬೆರಳು ಮಡಿಸಿ ಹೇಳುತ್ತಾರೆ. ಎಂಟುನೂರು ವರ್ಷಗಳ ಹಿಂದೆ ಜೀವ ಪಣಕ್ಕಿಟ್ಟು ಕಲ್ಯಾಣದ ಶರಣರು ಒದ್ದು ಹಾಕಿದ ಬಾಗಿಲನ್ನು ಇವರು ಒಂದು "ಆದ್ರೂ" ಹಾಕಿ ಮತ್ತೆ ಮುಚ್ಚುತ್ತಾರೆ. ಅದೂ ಎಷ್ಟು ಮೆತ್ತಗೆ! ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ಹಾಗಂತ ಬಾರಿಸ್ಬೇಡಿ ಅಂತ ಹೇಳ್ತಿಲ್ಲ," ಎಂದರು ವಿಮಲಾ ಅವಸರದಲ್ಲಿ. "ಅಧ್ಯಕ್ಷರೇ ಒಂದು ಉಪಾಯ ಹೇಳಿದಾರೆ. ಹಿಂದ್ಗಡೆ ದೊಡ್ಡ ಫ್ಲೆಕ್ಸ್ ಕಟ್ತಾರಲ್ಲ, ಅದರ ಹಿಂದೆ ಒಂದು ಕುರ್ಚಿ, ಒಂದು ಮೈಕ್. ಅಕ್ಕ ಅಲ್ಲಿ ಕೂತು ಬಾರಿಸ್ಲಿ. ಎಲ್ರಿಗೂ ಕೇಳ್ಸುತ್ತೆ. ಯಾರಿಗೂ ನೋವಾಗಲ್ಲ."

ಸ್ಟೆಲ್ಲಾ ಮಿಸ್ ಎದ್ದು ನಿಂತರು. ಅವರು ಹೇಳಿದ್ದರಲ್ಲಿ ಬಯ್ಗುಳ ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ. ಆ ಪಾದ್ರಿ ಪಾಠ ಹೇಳಿದ್ದು ಒಂದು ಅನಾಥಾಲಯದ ಹೆಣ್ಣುಮಕ್ಕಳಿಗೆ. ತನ್ನ ಸಂಗೀತದಲ್ಲಿ ಎಷ್ಟನ್ನೋ ಆತ ಬರೆದದ್ದು ಅವರು ನುಡಿಸಲಿ ಎಂದೇ. ದೂರದ ಊರುಗಳಿಂದ ದೊಡ್ಡವರು ಬಂದು ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ಹುಡುಗಿಯರು ಮಾತ್ರ ಕಬ್ಬಿಣದ ಜಾಲರಿಯ ಹಿಂದೆ. ದನಿ ಬೇಕು, ಮುಖ ಬೇಡ. "ಮುನ್ನೂರು ವರ್ಷ ಆಯ್ತಮ್ಮಾ, ಜಾಲರಿ ಹೋಗಿ ಫ್ಲೆಕ್ಸ್ ಬಂತು, ಅಷ್ಟೇ!" ಎಂದು ಮಿಸ್ ಕೂಗಿದಾಗ ಬೇಕರಿಯವನು ಕೆಳಗಿನಿಂದ "ಏನಾಯ್ತು ಆಂಟೀ?" ಎಂದು ಕೇಳಿದ. ನಾವು ನುಡಿಸುವುದೇ ಇಲ್ಲ, ಹೇಳಿಬಿಡಿ ಹೋಗಿ ಎಂದರು ಮಿಸ್. ನಾನೂ ಹೌದೌದು ಎಂದೆ.

ಗಿರಿಜಕ್ಕ ತಂತಿ ಒರೆಸುತ್ತಾ ಕೂತಿದ್ದರು. "ನಿಮ್ಮ ಸಿಟ್ಟು ನಿಮಗ ಇರಲಿ. ಬಾರಿಸೂದು ನಾನು," ಎಂದರು. "ಫ್ಲೆಕ್ಸ್ ಹಿಂದಾದ್ರ ಫ್ಲೆಕ್ಸ್ ಹಿಂದ."

ಅವರು ಒಪ್ಪಿದ್ದು ನನಗೆ ಇನ್ನೂ ಹೆಚ್ಚು ಸಿಟ್ಟು ತರಿಸಿತು. ನಾನು ಯಾರ ಪರವಾಗಿ ಉರಿದುಬೀಳುತ್ತಿದ್ದೆನೋ ಅವರಿಗೇ ನನ್ನ ಉರಿ ಬೇಕಿರಲಿಲ್ಲ. ಆಗ ಇದು ನನಗೆ ಹೊಳೆಯಲಿಲ್ಲ. ಈಗ ಹೊಳೆದರೂ ಸಿಟ್ಟು ಹೋಗಿಲ್ಲ.

ರಾಜ್ಯೋತ್ಸವದ ಸಂಜೆ ಮಳೆ ಬಿಡುವು ಕೊಟ್ಟಿತ್ತು. ಪಾರ್ಕಿನ ಪಕ್ಕದ ಸಭಾಂಗಣ ತುಂಬಿತ್ತು. ಹಿಂದೆ ಗೋಡೆಯಿಂದ ಗೋಡೆಗೆ ಹಳದಿ ಕೆಂಪು ಫ್ಲೆಕ್ಸ್, ಅದರ ತುಂಬ ಪದಾಧಿಕಾರಿಗಳ ಮುಖಗಳು. ಆ ಮುಖಗಳ ಹಿಂದೆ, ಕುರ್ಚಿಗಳನ್ನೂ ಕೊಡೆಗಳನ್ನೂ ರಾಶಿ ಹಾಕಿದ ಸಂದಿಯಲ್ಲಿ ಗಿರಿಜಕ್ಕ. ವಸಂತ ಸಲೀಸಾಗಿ ಹೋಯಿತು, ಜನ ತಲೆದೂಗಿದರು, ಯಾರೋ "ಫೋನ್ ಎತ್ರೋ" ಎಂದು ತಮಾಷೆ ಮಾಡಿದರು. ಆಮೇಲೆ ಮಿಸ್ ಫ್ಲೆಕ್ಸಿನ ಕಡೆ ತಿರುಗಿ ಕೈ ಎತ್ತಿದರು. ನಾವು ಬಿಲ್ಲುಗಳನ್ನು ತೊಡೆಯ ಮೇಲಿಟ್ಟೆವು.

ಪಿಟೀಲು ಶುರುವಾಯಿತು. ಒಂದೇ ಎಳೆ, ಬೋಳು, ನಿಧಾನ. ವೇದಿಕೆಯ ಮೇಲೆ ನಾವೆಲ್ಲ ಬಿಲ್ಲು ಇಳಿಸಿ ಸುಮ್ಮನೆ ಕೂತಿದ್ದೇವೆ. ಸಭೆಗೆ ಏನೆನಿಸಬೇಕು? ಇವರದ್ದು ಮುಗಿಯಿತು, ಈಗ ಬರುತ್ತಿರುವುದು ವಿರಾಮಕ್ಕೆ ಹಾಕಿದ ರೆಕಾರ್ಡು ಎನಿಸಿತು. ಕುರ್ಚಿಗಳು ಸರಿದವು. ಮಾತು ಎದ್ದಿತು. ನಿರೂಪಣೆ ಮಾಡುತ್ತಿದ್ದ ಮಂಜು, ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ, ಮೈಕ್ ಹಿಡಿದುಕೊಂಡ.

"ಗೇಟಿಗೆ ಅಡ್ಡ ಬಿಳಿ ಕಾರ್ ನಿಲ್ಸಿರೋರು ದಯವಿಟ್ಟು ತೆಗೀಬೇಕು. ಊಟದ ವ್ಯಾನ್ ಒಳಗೆ ಬರೋಕಾಗ್ತಿಲ್ಲ."

ಆ ಹೊತ್ತಿಗೆ ಸರಿಯಾಗಿ ಮಿಸ್ ಕಣ್ಣು ಬಿಟ್ಟರು. ನಾವು ಗುಡುಗಿದೆವು. ಅಷ್ಟು ದಿನ ಪಾತ್ರೆ ಬಿದ್ದ ಹಾಗಿದ್ದ ಗುಡುಗು ಅವತ್ತು ಸಿಡಿಲಾಯಿತು, ಅಷ್ಟು ಸಿಟ್ಟಿತ್ತು. ಮಂಜು ಮೈಕ್ ಸಮೇತ ಹಿಂದಕ್ಕೆ ಹಾರಿದ. ಥಟ್ಟನೆ ನಿಲ್ಲಿಸಿದೆವು. ಫ್ಲೆಕ್ಸ್ ಹಿಂದಿನ ಅಳು ಮುಂದುವರಿಯಿತು. ಮಂಜು ಸಾವರಿಸಿಕೊಂಡು, "ಬಿಳಿ ಕಾರಿನವರು…" ಎಂದ.

ಪಿಟೀಲು ನಿಂತಿತು.

ಇಲ್ಲಿಂದ ಮುಂದೆ ನನ್ನ ನೆನಪಿನ ಮೇಲೆ ನನಗೇ ಅನುಮಾನ. ಗಿರಿಜಕ್ಕ ಫ್ಲೆಕ್ಸನ್ನು ಒಂದು ಕೈಯಿಂದ ಸರಕ್ಕನೆ ಸರಿಸಿ, ಕೆಂಪಾದ ಕಣ್ಣಿನಲ್ಲಿ ಮಂಜುವನ್ನು ನೋಡುತ್ತಾ ಬಂದರು ಎಂದು ಡೈರಿ ಹೇಳುತ್ತದೆ. ತಾವೇ ಕರೆದದ್ದು ಎಂದು ಸ್ಟೆಲ್ಲಾ ಮಿಸ್ ಇವತ್ತಿಗೂ ಹೇಳುತ್ತಾರೆ. ಬಂದದ್ದಂತೂ ನಿಜ. ನಮ್ಮ ನಡುವೆ ಕೂತು, ಮೊದಲಿನಿಂದ ಮತ್ತೆ ನುಡಿಸಿದ್ದೂ ನಿಜ. ಈ ಸಲ ಕುರ್ಚಿಗಳು ಸರಿಯಲಿಲ್ಲ. ಹೊರಗೆ ಊಟದ ವ್ಯಾನು ಹಾರನ್ ಹೊಡೆಯುತ್ತಿತ್ತು, ಯಾರೂ ಏಳಲಿಲ್ಲ. ಕೊನೆಯ ಸ್ವರ ಉದ್ದಕ್ಕೆ ಹೋಗಿ ಸಣ್ಣದಾಗಿ ಇಲ್ಲವಾದಾಗ ಚಪ್ಪಾಳೆ ಬೀಳಲಿಲ್ಲ. ಇಂಥದ್ದಕ್ಕೆ ತಟ್ಟಬಹುದೋ ಬಾರದೋ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. ರುದ್ರಪ್ಪನವರು ಮುಂದಿನ ಸಾಲಿನಿಂದ ಕೈಸನ್ನೆ ಮಾಡಿ ಅವಸರಿಸಿದರು, ನಾವು ವಸಂತವನ್ನು ಮತ್ತೊಮ್ಮೆ ನುಡಿಸಿದೆವು. ಗಿರಿಜಕ್ಕ ನಡುವೆ ಕೂತೇ ಇದ್ದರು, ಅದನ್ನು ನುಡಿಸಲಿಲ್ಲ.

ಅವತ್ತು ಗೆದ್ದೆವು ಅಂದುಕೊಂಡು ಮನೆಗೆ ಹೋದೆ. ಮರುದಿನ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಸಂಘದವರು ಕಾರ್ಯಕ್ರಮದ ವಿಡಿಯೊ ಹಾಕಿದರು. ಕಾರ್ಯಕ್ರಮದ ಸಮಯ ತಿಳಿಸಲೆಂದು ನಮ್ಮನ್ನೂ ಆ ಗುಂಪಿಗೆ ಸೇರಿಸಿದ್ದರು. ಮೇಲೆ "ಸಂತೋಷದ ಸಂಜೆ" ಎಂದು ಬರೆದಿತ್ತು. ಧ್ವಜಾರೋಹಣ, ಭಾಷಣ, ಮಕ್ಕಳ ನೃತ್ಯ, ನಮ್ಮ ವಸಂತ, ಮತ್ತೆ ವಸಂತ, ಊಟ. ಎರಡು ವಸಂತಗಳ ನಡುವೆ ಹೊಲಿಗೆ ಕೂಡ ಕಾಣದಂತೆ ಕತ್ತರಿಸಿದ್ದರು. ನೂರಾರು ಜನರ ಎದುರು ನಡೆದದ್ದು ನಡೆದೇ ಇರಲಿಲ್ಲ. ದಾಖಲೆಯೊಂದು ಕಣ್ಣೆದುರೇ ಅಳಿಸಿಹೋಗುವುದನ್ನು ನಾನು ಹಾಗೆ ನೋಡಿದ್ದು ಅದೇ ಮೊದಲು. ಹತ್ತು ವರ್ಷ ಬಿಟ್ಟು ಯಾರಾದರೂ ಕೇಳಿದರೆ ಆ ವಿಡಿಯೊ ಸಾಕ್ಷಿ, ನನ್ನ ಡೈರಿ ಕಟ್ಟುಕಥೆ. ಅದರ ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು, ಹೂಗುಚ್ಛಗಳು, "ಸೂಪರ್ ಸಾರ್"ಗಳು. ನಾನು ಉದ್ದದ ಉತ್ತರ ಬರೆದೆ. ಅದರಲ್ಲಿ ವೆನಿಸ್ ಇತ್ತು, ಕಲ್ಯಾಣ ಇತ್ತು. ಕಳಿಸುವ ಮೊದಲೇ ಗಿರಿಜಕ್ಕನ ಹೆಸರು ಕಾಣಿಸಿಕೊಂಡಿತು. ಯಜಮಾನರು ಹೋದ ಮೇಲೆ ಆ ಗುಂಪಿನಲ್ಲಿ ಅವರು ಒಂದಕ್ಷರ ಬರೆದಿರಲಿಲ್ಲ.

"ನಾನು ಬಾರಿಸಿದ್ದು ಎಲ್ಲಿ?"

ಅಷ್ಟೇ. ನಾನು ನನ್ನದನ್ನು ಅಳಿಸಿದೆ.

ಗ್ಯಾಸ್ ಬಂತಾ, ನೀರು ಯಾವಾಗ ಬಿಡ್ತಾರೆ ಎಂದು ದಿನವಿಡೀ ಚೀರುವ ಗುಂಪು ಸದ್ದಿಲ್ಲದೆ ಕೂತಿತು. ರುದ್ರಪ್ಪನವರು ಏನೋ ಟೈಪ್ ಮಾಡುತ್ತಿದ್ದಾರೆ ಎಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು, ಮತ್ತೆ ನಿಂತಿತು. ಮಧ್ಯಾಹ್ನ ಒಂದು ವಿಡಿಯೊ ಬಂತು. ಕಳಿಸಿದವರು ವಿಮಲಾ. ಒಂದು ಮಾತೂ ಬರೆದಿರಲಿಲ್ಲ.

ಮುಂದಿನ ಸಾಲಿನಲ್ಲಿ ಕೂತು ತಮ್ಮ ಫೋನಿನಲ್ಲಿ ತೆಗೆದದ್ದು. ಚಿತ್ರ ಅಲ್ಲಾಡುತ್ತದೆ. ಬಿಳಿ ಕಾರಿನ ಪ್ರಕಟಣೆ ಇದೆ, ನಮ್ಮ ಗುಡುಗಿದೆ, ಮಂಜು ಹಾರಿದ್ದಿದೆ. ಪಿಟೀಲು ನಿಂತ ಮೇಲೆ ಫ್ಲೆಕ್ಸಿನ ಅಂಚಿನಿಂದ ಗಿರಿಜಕ್ಕ ಬರುತ್ತಾರೆ. ನನ್ನ ಡೈರಿ ಹೇಳುವ ಹಾಗೆ ಸರಕ್ಕನೆ ಅಲ್ಲ, ಮಿಸ್ ಕರೆದಿದ್ದೂ ಕಾಣುವುದಿಲ್ಲ. ಒಂದು ಕೈಯಲ್ಲಿ ಪಿಟೀಲು, ಇನ್ನೊಂದರಲ್ಲಿ ಕುರ್ಚಿ ಎಳೆದುಕೊಂಡು, ಎಲ್ಲಿ ಬೆಳಕು ಚೆನ್ನಾಗಿದೆ ಎಂದು ತಲೆಯೆತ್ತಿ ನೋಡಿ, ಮನೆಯಲ್ಲಿ ಜಾಗ ಹುಡುಕುವವರಂತೆ ಬಂದು ಕೂರುತ್ತಾರೆ. ಮಂಜುವಿಗೆ ಏನೋ ಹೇಳುತ್ತಾರೆ. ಮೈಕಿಗೆ ದೂರವಿದ್ದರೂ ವಿಮಲಾ ಅವರ ಫೋನು ಹಿಡಿದಿದೆ: "ತಮ್ಮಾ, ಕಾರು ಆಮೇಲೆ ತೆಗಸು. ಇದು ಸಣ್ಣದೈತಿ."

ಆಮೇಲೆ ಪೂರ್ತಿ ಸಂಗೀತ. ಫೋನು ಹಿಡಿದವರು ಮೂಗು ಎಳೆದುಕೊಳ್ಳುವುದು ನಡುವೆ ಎರಡು ಕಡೆ ಕೇಳಿಸುತ್ತದೆ. ಚಿತ್ರ ಮೊದಲು ನಮ್ಮೆಲ್ಲರನ್ನೂ ತೋರಿಸುತ್ತದೆ. ಬರುಬರುತ್ತಾ ಹತ್ತಿರ ಹೋಗುತ್ತದೆ. ನಾವು ಅಂಚಿನಿಂದ ಹೊರಗೆ ಬೀಳುತ್ತೇವೆ, ಫ್ಲೆಕ್ಸಿನ ಮುಖಗಳು ಹೊರಗೆ ಬೀಳುತ್ತವೆ. ಕೊನೆಯ ಸ್ವರದ ಹೊತ್ತಿಗೆ ಅಲ್ಲಾಟ ನಿಂತಿದೆ, ಗಿರಿಜಕ್ಕನ ಮುಖ ಪೂರ್ತಿ ಕಾಣುತ್ತದೆ.